ಸಾಹೇಬನ ಉಪವಾಸ

“ನಿನ್ನಿ ಇಲ್ಲ, ಮೊನ್ನಿ ಇಲ್ಲ, ಇವತ್ತ ಮೂರು ದಿನದ್ದು ಕೂಡೇ ಒಯ್ಯಾಕತ್ತೀದಿ. ಏನು, ನಿಮ್ಮ ಸಾಹೇಬ್ರು ರೋಜಾ ಬಿಡಾಕತ್ತಾರೇನು?” ಎಂದಳು ಪಕ್ಕದ ಮನೆಯ ಕುಲ್ಸುಮ್ ಬೀ, ಕೋಳಿಯ ಕಲೇಜಿ, ಅಂದರೆ ಈಲಿಯ ತುಂಡು, ತುಂಬಿದ ಚೀಲವನ್ನು ನಡುಗೋಡೆಯ ಮೇಲಿಂದ ಚಾಚಿ, ಆದರೆ ಕೈ ಸಡಿಲಿಸದೆ.

“ಊರು ಬಿಟ್ಟು ಹೋಗಾಕತ್ತಾನ. ಹೊಟ್ಟಿ ತುಂಬ ಉಂಡು ಹೋಗ್ಲಿ,” ಎಂದಳು ಸರುಬಾಯಿ.

“ಊರು ಅಂದ್ರ ಯಾವೂರು? ಹುಮನಾಬಾದ! ಇಲ್ಲಿ ಬಾಯಾಗ ಹಾಕ್ಕೊಂಡ ಪಾನ ಅಲ್ಲಿ ಹೋಗಿ ಉಗುಳ್ತಾರ. ಒಂದು ಮೀನಿಗಿ ಇಷ್ಟು ಲಾಡ ಮಾಡೋರ್ನ ನಾ ನೋಡಿಲ್ಲ, ತೋಬಾ. ಕೊಳ್ಳಾಗ ತುಳಸಿಮಾಲಿ, ಕೈಯಾಗ ಕಲೇಜಿ. ನಿಮ್ಮ ಪಾಂಡುರಂಗ ನೋಡಿದ್ರ ಏನಂದಾನು?”

“ಅವನೂ ನಮ್ಮ ತಮ್ಮನ ಕಡೀನೇ ಅದಾನ ಬಿಡು.”

ಕುಲ್ಸುಮ್ ಬೀ ನಕ್ಕು ಚೀಲ ಬಿಟ್ಟಳು. ಹೋಗುತ್ತ ಹೋಗುತ್ತ, “ಮತ್ತ ನೀನು? ನೀ ಯಾವಾಗ ಹೋಗ್ತಿ ಅಲ್ಲಿಗಿ?” ಎಂದಳು.

ಕೇಳಿಸದವಳ ಹಾಗೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡ ಸರುಬಾಯಿಗೆ ತಾನು ಹಾಗೆ ಮಾಡಿದ್ದೇ ಒಂದು ಉತ್ತರವಾಯಿತಲ್ಲ ಎನ್ನಿಸಿ ಕಿವಿ ಬಿಸಿಯಾಯಿತು. ಬಸವಕಲ್ಯಾಣದ ಕಿಲ್ಲಾದ ಹಿಂದಿನ ಈ ಓಣಿಯಲ್ಲಿ ಯಾರಿಗೆ ಗೊತ್ತಿಲ್ಲ. ತಮ್ಮ ಅಂಬರೀಷ ಸಿಮೆಂಟಿನ ವ್ಯಾಪಾರ ಬೆಳೆಸಿದ, ಹುಮನಾಬಾದಿನಲ್ಲಿ ಮನೆ ಕಟ್ಟಿಸಿದ, ಹೆಂಡತಿ ಶೀತಲಳನ್ನು ಕರಕೊಂಡು ಹೋದ. ಫ್ರಿಜ್ಜು ಹೋಯಿತು, ಸೋಫಾ ಹೋಯಿತು, ಗೋಡೆಯ ಗಡಿಯಾರ ಕೂಡ ಮೊಳೆಸಮೇತ ಹೋಯಿತು. ಬಾಡಿಗೆಯ ಈ ಹಳೇ ಮನೆಯಲ್ಲಿ ಉಳಿದದ್ದು ಎರಡೇ ಜೀವ: ಮೀನು, ಮತ್ತು ಮೀನಿಗೆ ಹಾಕುವ ಅಕ್ಕ. ಹೊಸ ಮನೆಯಲ್ಲಿ ಗೋಡೆಯೊಳಗೇ ಗಾಜಿನ ತೊಟ್ಟಿ ಕೂಡಿಸುವ ಕೆಲಸ ಮುಗಿಯುವ ತನಕ ಇಬ್ಬರೂ ಇಲ್ಲೇ ಇರಲಿ ಎಂದಿದ್ದರು. ಈಗ ಅದು ಮುಗಿದಿದೆ. ಮೀನು ಹುಮನಾಬಾದಿಗೆ ಹೋಗುತ್ತದೆ. ಅವಳು ಬೇಮಳಖೇಡಕ್ಕೆ ಹೋಗಬೇಕು, ತೀರಿಕೊಂಡ ಗಂಡನ ತಮ್ಮನ ಮನೆಗೆ, ಎಮ್ಮೆ ಕಟ್ಟುವ ಕೊಟ್ಟಿಗೆಗೆ ಹತ್ತಿದ ಕೋಣೆಗೆ. “ಸ್ವಲ್ಪ ದಿನ ಅಷ್ಟೇ ಅಕ್ಕಾ,” ಎಂದಿದ್ದ ಅಂಬರೀಷ ಫೋನಿನಲ್ಲಿ. ಆ ‘ಸ್ವಲ್ಪ ದಿನ’ ಎಷ್ಟು ಉದ್ದದ್ದೆಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು, ಆದ್ದರಿಂದ ಇಬ್ಬರೂ ಮುಂದೆ ಕೇಳಲಿಲ್ಲ.

ಒಳಗೆ ನಡುಮನೆಯ ಅರ್ಧ ಜಾಗ ನುಂಗಿ ನಿಂತಿದ್ದ ತೊಟ್ಟಿಯಲ್ಲಿ ಸಾಹೇಬ ತಳಕ್ಕೆ ಹೊಟ್ಟೆ ಹಚ್ಚಿ ಬಿದ್ದಿದ್ದ. ಹೈದರಾಬಾದಿನ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ತಂದಾಗ ಕಿರುಬೆರಳಿನಷ್ಟಿದ್ದ. ಜೊತೆಗೆ ತಂದ ಬಂಗಾರದ ಬಣ್ಣದ ಮೀನುಗಳನ್ನೆಲ್ಲ ಮೊದಲ ವಾರವೇ ಒಂದೊಂದಾಗಿ ನುಂಗಿ, ಮುಗ್ಧನ ಹಾಗೆ ಮೂಲೆಯಲ್ಲಿ ಕೂತಿದ್ದ. ಈಗ ಅವಳ ಮೊಣಕೈಯಿಂದ ಬೆರಳತುದಿಯವರೆಗೆ ಅಳೆದರೂ ಸಾಲದು. ಕಪ್ಪು ಬೆನ್ನು, ಬಿಳಿ ಹೊಟ್ಟೆ, ಚಪ್ಪಟೆ ತಲೆ, ಅಗಲ ಬಾಯಿಯ ಸುತ್ತ ಉದ್ದುದ್ದ ಮೀಸೆ. ಬಾಲವೊಂದು ಮಾತ್ರ ಕುಂಕುಮದಲ್ಲಿ ಅದ್ದಿ ತೆಗೆದ ಹಾಗೆ. ಅದು ಎಲ್ಲೋ ದೂರ ದೇಶದ ದೊಡ್ಡ ನದಿಯ ಮೀನು, ಅಲ್ಲಿ ಆಳುದ್ದ ಬೆಳೀತದ ಎಂದು ಅಂಬರೀಷ ಬಂದವರಿಗೆಲ್ಲ ಹೇಳುವಾಗ ಅವನ ಮುಖದಲ್ಲಿ ಆ ನದಿಯನ್ನೂ ತಾನೇ ಖರೀದಿ ಮಾಡಿದವನ ಕಳೆ ಇರುತ್ತಿತ್ತು. ಸಿಮೆಂಟಿನ ಗಿರಾಕಿಗಳು ಬಂದು ಕೂತು, ಗಾಜಿಗೆ ಬೆರಳು ಬಡಿದು, “ಸಾಹೇಬ್ರದು ಊಟ ಆಯ್ತೇನ್ರಿ?” ಎಂದು ಕೇಳುತ್ತಿದ್ದರು. ಒಳಗಿನಿಂದ ನೀರಿನ ತಂಬಿಗೆ ತಂದಿಟ್ಟು ಹೋಗುವವಳಿಗೆ ಆ ಮಾತು ಯಾರೂ ಕೇಳುತ್ತಿರಲಿಲ್ಲ. ನಳ ವಾರಕ್ಕೊಮ್ಮೆ ಬಂದರೆ ಮೊದಲ ಕೊಡ ಸಾಹೇಬನಿಗೆ. ಕರೆಂಟು ಹೋಗಿ ಗಾಳಿಯ ಮೋಟಾರು ನಿಂತರೆ ಅವಳು ಸ್ಟೂಲಿನ ಮೇಲೆ ನಿಂತು ತಂಬಿಗೆಯಿಂದ ತೊಟ್ಟಿಯ ನೀರು ಎತ್ತಿ ಎತ್ತಿ ಅದರಲ್ಲೇ ಹೊಯ್ಯಬೇಕು, ಉಸಿರು ಕಟ್ಟಬಾರದು ಅಂತ. ತಿರುಗುವಾಗ ಮೂತಿ ಗಾಜಿಗೆ ಬಡಿದು ಕೆಂಪಾದರೆ ಅರಿಶಿನದ ನೀರು. ತುಳಸಿಮಾಲೆ ಹಾಕಿಕೊಂಡು ಮಾಂಸ ಬಿಟ್ಟ ಮೇಲೆ ಮನೆಯಲ್ಲಿ ಕೋಳಿ ಬೇಯುವ ದಿನ ಅಂಗಳದಲ್ಲಿ ರೊಟ್ಟಿ ತಿನ್ನುತ್ತಿದ್ದವಳು ಮೊದಲ ಸಲ ಕಲೇಜಿಯ ಚೀಲ ನೋಡಿ ಹಿಂದೆ ಸರಿದಾಗ ಅಂಬರೀಷ, “ನಿನಗ ತಿನ್ನಂತ ಯಾರಂದಾರ? ಬರೀ ಕೊಯ್ಯಿ,” ಎಂದಿದ್ದ. ಶೀತಲ ನಕ್ಕಿದ್ದಳು. ಬರೀ ಕೊಯ್ಯಿ. ಆ ಮಾತು ಎಷ್ಟು ಹಗುರಾಗಿ ಬಂದಿತ್ತೆಂದರೆ ಅದಕ್ಕೆ ಸಿಟ್ಟಾಗಲೂ ಜಾಗ ಇರಲಿಲ್ಲ.

ಮೊನ್ನೆಯ ಫೋನಿನಲ್ಲಿ ಅವನ ದನಿ ಬೇರೆ ಇತ್ತು. “ಅಕ್ಕಾ, ನೆಟ್ಟಗ ಕೇಳಿಸ್ಕೊ. ಇವತ್ತಿಂದ ಸಾಹೇಬಗ ಏನೂ ಹಾಕಬ್ಯಾಡ. ಒಂದು ತುಂಡೂ ಬ್ಯಾಡ. ಹೊಟ್ಟಿ ತುಂಬಿದ್ರ ಡ್ರಮ್ಮಿನ್ಯಾಗ ಅಂಜಿ ಎಲ್ಲಾ ಕಾರ್ಕೋತಾನ, ನೀರು ಕೆಡ್ತದ, ದಾರ್ಯಾಗೇ ಸಾಯ್ತಾನ. ಅಂಗಡ್ಯಾಂವ ಖಡಕ್ ಹೇಳ್ಯಾನ. ನಾ ಏನಂದೆ, ಹೇಳು?”

“ಏನೂ ಹಾಕಬ್ಯಾಡ ಅಂದಿ.”

“ಹಾಂ. ಅಷ್ಟು ಮಾಡು, ಸಾಕು.”

ಅಷ್ಟು ಮಾಡಿದಳು. ಮೊನ್ನೆ ಹಾಕಲಿಲ್ಲ, ನಿನ್ನೆ ಹಾಕಲಿಲ್ಲ. ಹೊತ್ತಿಗೆ ಸರಿಯಾಗಿ ಅದು ಮೇಲೆ ಬಂದು ನೀರಿನಿಂದ ಬಾಯಿ ಎತ್ತಿ ತೆರೆಯಿತು, ಮುಚ್ಚಿತು. ಮೀಸೆ ತೊಟ್ಟಿಯ ಅಂಚಿನಲ್ಲಿ ತಡಕಾಡಿತು. ಅವಳು ಅಡಿಗೆಮನೆಗೆ ಹೋಗಿ ಕೂತಳು. ಗಾಜಿಗೆ ಮೂತಿ ಬಡಿಯುವ ಸದ್ದು ಅಲ್ಲಿಗೂ ಬಂತು. ಆ ಸದ್ದು ಕೇಳುತ್ತ ಕೂತಾಗಲೇ ಇದು ತಲೆಗೆ ಬಂದದ್ದು. ಬಂದದ್ದು ಎನ್ನುವುದಕ್ಕಿಂತ, ಬಹಳ ದಿನದಿಂದ ಹೊಸ್ತಿಲಲ್ಲಿ ನಿಂತಿದ್ದನ್ನು ಒಳಗೆ ಕರೆದಳು. ಫಿನಾಯಿಲ್ ಹಾಕುವುದು ಅವಳಿಗೆ ಹಿಂದೆಯೂ ಹೊಳೆದಿತ್ತು. ಮೋಟಾರಿನ ವೈರು ಕಿತ್ತು ಮಲಗಿಬಿಡುವುದೂ ಹೊಳೆದಿತ್ತು. ಆದರೆ ಅವಕ್ಕೆ ಹೆಸರಿದೆ. ಕೇಳಿದವರು ಅಯ್ಯಯ್ಯ ಅನ್ನುತ್ತಾರೆ. ಉಣಿಸುವುದಕ್ಕೆ ಯಾರು ಏನನ್ನುತ್ತಾರೆ? ಊರಿಗೆ ಹೊರಟವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸದ ಮನೆ ಅವರದು. ತವರೂರು ನಾರಾಯಣಪುರದಲ್ಲಿ ಅವ್ವ ಬೆಳಗಿನ ಬಸ್ಸಿಗೆ ಹೋಗುವವರಿಗೂ ನಸುಕಿನಲ್ಲಿ ಎದ್ದು ರೊಟ್ಟಿ ತಟ್ಟುತ್ತಿದ್ದಳು. ತುತ್ತು ಬಾಯಿಗಿಡದೆ ಹೊಸ್ತಿಲು ದಾಟಿದರೆ ಹಿಂದಿನಿಂದ ಓಡಿಬಂದು ಸೆರಗಿನ ಬೆಲ್ಲ ಬಾಯಿಗೆ ತುರುಕುತ್ತಿದ್ದಳು. ಅದೇ ಕೈಯಲ್ಲಿ ತಾನು ಬೆಳೆದವಳು. ಮೂಗ ಪ್ರಾಣಿಗೆ ಹಸಿವು ಅಂತ ಮುದುಕಿ ಒಂದಿಷ್ಟು ಹಾಕಿದಳು, ತಿಳಿಯಲಿಲ್ಲ ಪಾಪ, ಎನ್ನುತ್ತಾರೆ. ಹಾಗೆ ಅನ್ನಲಿ ಎಂದೇ ಅವಳು ಈ ದಾರಿ ಹಿಡಿದಳು.

ಈಳಿಗೆಯ ಮುಂದೆ ಕೂತು ಕಲೇಜಿ ಕೊಯ್ಯುತ್ತ ತನ್ನ ಮನಸ್ಸನ್ನೊಮ್ಮೆ ಅಕ್ಕಿ ಆರಿಸಿದ ಹಾಗೆ ಆರಿಸಿದಳು. ಕನಿಕರ ಒಂದಿಷ್ಟು ಎಲ್ಲಾದರೂ ಸಿಕ್ಕೀತೆಂದು ಹೆದರಿಕೆ. ಸಿಗಲಿಲ್ಲ, ಅಥವಾ ಸಿಕ್ಕಿದ್ದನ್ನು ಕಲ್ಲಿನ ಹಾಗೆ ಆಚೆ ಒಗೆದಳು. ಕೈ ಅದ್ದಿದಾಗ ಸಾಹೇಬ ಹಾರಿ ಬರಲಿಲ್ಲ. ಮೊದಲು ಮೀಸೆಯಿಂದ ಅವಳ ಮಣಿಕಟ್ಟು ಮುಟ್ಟಿ, ಇವಳೇ ಹೌದು ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ಬಾಯಿ ತೆರೆದ. ಬಳೆಯಿಲ್ಲದ ಆ ಮಣಿಕಟ್ಟನ್ನು ಈಚಿನ ವರ್ಷಗಳಲ್ಲಿ ಮುಟ್ಟಿದ ಜೀವ ಇದೊಂದೇ. ಒಂದು ತುಂಡು, ಇನ್ನೊಂದು, ಹಿಡಿ ತುಂಬ. ಬಿಳಿ ಹೊಟ್ಟೆ ಉಬ್ಬಿ ಚರ್ಮ ಹೊಳೆಯತೊಡಗಿತು. ಸಾಕು ಎಂದು ತಿರುಗಿದ ಮೀನನ್ನು ಅವಳು ಗಾಜು ತಟ್ಟಿ ಮತ್ತೆ ಕರೆದಳು. ಬಂತು. ಚಿಕ್ಕಂದಿನಲ್ಲಿ ಅಂಬರೀಷನೂ ಹೀಗೇ ಬರುತ್ತಿದ್ದ. ಅವ್ವ ಕಳೆ ತೆಗೆಯಲು ಹೋದರೆ ಅವನು ಇಡೀ ದಿನ ಇವಳ ಸೊಂಟದ ಮೇಲೆ. ನಾರಾಯಣಪುರದ ಹಳೇ ಶಿವನ ಗುಡಿಯ ಕಂಬಗಳ ನಡುವೆ ಓಡಿಸಿ ಓಡಿಸಿ ಹಿಡಿದು ತುತ್ತು ಇಡಬೇಕು. ಕಲ್ಲಿನ ಹೆಂಗಸರ ಮೊಣಕಾಲಿನ ಹಿಂದೆ ಅಡಗಿಕೊಂಡು, ಬಾಯಿ ಮಾತ್ರ ಹೊರಗೆ ಚಾಚುತ್ತಿದ್ದ. ಇನ್ನೊಂದು ಅಕ್ಕಾ, ಇದು ಕಡೀದು, ಇನ್ನೊಂದು.

ಆ ಬಾಯಿಯೇ ವಾಸ್ತುವಿನ ದಿನ ಮುಚ್ಚಿಕೊಂಡಿತ್ತು. ಹುಮನಾಬಾದಿನ ಹೊಸ ಮನೆಯ ಬಾಗಿಲಿಗೆ ಝೆಂಡು ಹೂವಿನ ಮಾಲೆ, ಒಳಗೆ ಬಣ್ಣದ ವಾಸನೆ, ಹೊರಗೆ ಪೆಂಡಾಲಿನಡಿ ಊರ ಮಂದಿ. ಮನೆಯ ಮಗಳು ಕಳಸ ಹಿಡಿದು ಮೊದಲು ಒಳಗೆ ಕಾಲಿಡಬೇಕು, ಅದು ರೂಢಿ. ಪೂಜೆಗೆ ಕೂತಿದ್ದ ಅಯ್ಯನವರು ತಲೆಯೆತ್ತಿ, “ಮನಿ ಹೆಣ್ಣುಮಗಳು ಯಾರಿದ್ದೀರಿ, ಕರೀರಿ, ಕಳಸ ಹಿಡೀಲಿ,” ಎಂದರು. ಸರುಬಾಯಿ ಕೈತುಂಬ ಎಲೆ ಹಿಡಿದು ಅಲ್ಲೇ ಹಿಂದೆ ನಿಂತಿದ್ದಳು. ಗಂಡ ಸತ್ತವಳು ತಾನು, ಆ ಕಳಸ ತನಗಲ್ಲ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಾನಾಗೇ ಹಿಂದೆ ಸರಿಯಲು ಕಾಲು ಎತ್ತಿಯೂ ಇದ್ದಳು. ನಮ್ಮಕ್ಕ ಅದಾಳ್ರಿ, ಆದ್ರ ಅಕಿ ಹಿಡಿಯಂಗಿಲ್ಲ ಅಂದಿದ್ದರೆ ಮುಗಿದು ಹೋಗುತ್ತಿತ್ತು. ಅಷ್ಟರಲ್ಲಿ ಶೀತಲ, “ಇಲ್ರಿ ಅಯ್ಯಾರ, ನಮ್ಮ ಮನ್ಯಾಗ ಹೆಣ್ಣುಮಕ್ಕಳು ಯಾರೂ ಇಲ್ಲ,” ಎಂದು ತನ್ನ ತಂಗಿ ಮೀನಾಳನ್ನು ಮುಂದೆ ದೂಡಿದಳು. ಇಲ್ಲ. ಪಕ್ಕದಲ್ಲೇ ಕೂತಿದ್ದ ಅಂಬರೀಷ ಅದನ್ನು ಕೇಳಿದ. ಅವನು ಕೇಳಿದ್ದನ್ನು ಅವಳು ನೋಡಿದಳು, ಅವಳು ನೋಡಿದ್ದನ್ನು ಅವನೂ ನೋಡಿದ. ತಲೆಯ ಮೇಲಿನ ಟೋಪಿ ಒಮ್ಮೆ ತೆಗೆದು, ಕೊಡವಿ, ಮತ್ತೆ ಹಾಕಿಕೊಂಡ. ಮೀನಾಳ ಪಾದ ಹೊಸ್ತಿಲು ದಾಟಿತು. ಮಧ್ಯಾಹ್ನ ಊಟದ ಪಂಗತಿ ಏಳುವ ಮೊದಲೇ ಅವನು ಅವಳನ್ನು ಬಸ್ಸಿಗೆ ಹತ್ತಿಸುತ್ತ, “ಸಾಹೇಬ ಹಸಿದಿರ್ತಾನ ಅಕ್ಕಾ, ಲಗೂ ಹೋಗು,” ಎಂದ. ಬಸ್ಸಿನಲ್ಲಿ ಪಕ್ಕದ ಹೆಂಗಸು ಹುಡಗಿ ಊರಿನವಳು, ಬಾಯಿ ತುಂಬ ಮಾತಿನವಳು, ಎಲ್ಲಿಗೆ ಹೋಗಿದ್ದಿ ಅವ್ವಾ ಎಂದು ಕೇಳಿದಾಗ ಸರುಬಾಯಿ, “ಯಾರದೋ ವಾಸ್ತು ಇತ್ತು,” ಎಂದಿದ್ದಳು. ಅಂದಿನಿಂದ ನಾಲಿಗೆಯ ಮೇಲೆ ಕೂತದ್ದು ಶೀತಲ ಆಡಿದ ಮಾತಿಗಿಂತ ತಾನಾಡಿದ ಈ ಮಾತು. ತನ್ನನ್ನು ಇಲ್ಲವೆನಿಸಿದ ಕೆಲಸಕ್ಕೆ ತಾನೂ ಒಂದು ಕೈ ಹಚ್ಚಿದ್ದಳಲ್ಲ.

ಹೊರಗೆ ಟೆಂಪೋದ ಹಾರ್ನು ಕೇಳಿತು. ಈಳಿಗೆ ತೊಳೆದು, ಚೀಲ ಮಡಚಿ ಒಲೆಗೆ ತುರುಕುವಷ್ಟರಲ್ಲಿ ಅಂಬರೀಷ ಒಳಗೆ ಬಂದು, ಚಪ್ಪಲಿಯನ್ನೂ ಬಿಡದೆ ತೊಟ್ಟಿಗೆ ಹಣೆ ಹಚ್ಚಿ ನಿಂತಿದ್ದ. “ಏನಪಾ ಸಾಹೇಬ, ಸಿಟ್ಟಿಗೆದ್ದೀಯೇನು? ಎರಡು ದಿನ ತಡಕೋ ಅಂದೆ ಅಷ್ಟೇ. ಅಲ್ಲಿ ನಿನಗ ಅರಮನಿ ಮಾಡಿಸೀನಿ.” ಅವನ ಹಿಂದೆ ಟೆಂಪೋದ ಡ್ರೈವರ್ ದಿಲೀಪ ನೀಲಿ ಡ್ರಮ್ಮು ಉರುಳಿಸುತ್ತ ಬಂದ. ಮುಖದ ತುಂಬ ನಗುವಿನ ಹುಡುಗ. “ಇದರ ಬಾಯಿ ನೋಡ್ರಿ ಮಾಲಕ್ರ, ನಮ್ಮ ಮಾವನ ಹಂಗೇ ಅದ. ವರದಕ್ಷಿಣಿ ಮಾತಾಡುವಾಗ ಅವರು ಹಿಂಗೇ ತೆಗೀತಿದ್ರು, ಕೊಡುವಾಗ ಮಾತ್ರ ಮುಚ್ಚಿದ್ರು.”

ಅಂಬರೀಷ ನಗಲಿಲ್ಲ. ಬಾಗಿ ನೋಡುತ್ತಿದ್ದ. “ಅಕ್ಕಾ, ಹೊಟ್ಟಿ ಉಬ್ಬಿದಂಗದಲ್ಲ?”

ಸೆರಗಿನಲ್ಲಿ ಕೈ ಒರೆಸುತ್ತಿದ್ದವಳು ಹಾಗೇ ಒರೆಸುತ್ತ ಇದ್ದಳು. “ಉಪಾಸ ಇದ್ರ ಹೊಟ್ಯಾಗ ಗಾಳಿ ತುಂಬ್ತದ,” ಎಂದಳು.

“ಖರೇ ಅದ್ರಿ ಅದು,” ಎಂದ ದಿಲೀಪ. “ಏಕಾದಶಿ ದಿನ ನಮ್ಮವ್ವ ಮನ್ಯಾಗ ಓಡ್ಯಾಡಿದ್ರ ಸಾಕು, ನಾವು ಹೊರಗ ಕೂಡ್ತೀವಿ.”

ಈಗ ಅಂಬರೀಷನೂ ನಕ್ಕ. ಅಷ್ಟು ಸುಲಭವಾಗಿ ನಂಬಿದನಲ್ಲ ಎಂದು ಅವಳಿಗೆ ಅವನ ಮೇಲಿನ ಸಿಟ್ಟು ಇನ್ನೊಂದು ಗೇಣು ಬೆಳೆಯಿತು. ಒದ್ದೆ ಗೋಣಿಚೀಲದಲ್ಲಿ ಹಿಡಿದು ಎತ್ತಲು ಹೋದರು. ಸಾಹೇಬ ಬಾಲ ಬೀಸಿದ ಏಟಿಗೆ ದಿಲೀಪ ಗೋಡೆಗೆ ಹೋಗಿ ಬಿದ್ದ, ಅಂಬರೀಷನ ಅಂಗಿ ಎದೆಯ ತನಕ ತೊಯ್ದಿತು. ಮತ್ತೊಮ್ಮೆ, ಮಗದೊಮ್ಮೆ. ಕೊನೆಗೆ ಅವಳೇ ಸ್ಟೂಲು ಹತ್ತಿ ಕೈ ಇಳಿಬಿಟ್ಟಳು. ಮೀಸೆ ಮಣಿಕಟ್ಟಿಗೆ ತಾಗಿತು, ಮೀನು ನಿಂತಿತು. ಅವಳು ಅದರ ಹೊಟ್ಟೆಯ ಕೆಳಗೆ ಅಂಗೈ ಹಿಡಿದಳು. ತುಂಬಿದ ಹೊಟ್ಟೆಯ ಭಾರ ಅಂಗೈಗೆ ತಿಳಿಯುತ್ತಿತ್ತು. ಗೋಣಿಚೀಲ ಸುತ್ತಿ ಎತ್ತಿ ಡ್ರಮ್ಮಿಗೆ ಇಳಿಸಿದ ಮೇಲೂ ಅದು ಅವಳ ಕೈ ಇರುವ ಕಡೆಗೇ ತಲೆ ತಿರುಗಿಸಿತು.

“ನೀನೂ ನಡಿ ಅಕ್ಕಾ,” ಎಂದ ಅಂಬರೀಷ ಏದುಸಿರು ಬಿಡುತ್ತ.

ಅವಳ ಎದೆ ಒಮ್ಮೆ ಹೊಡೆದುಕೊಂಡಿತು. ಸಣ್ಣ ಹುಡುಗಿಯ ಎದೆಯ ಹಾಗೆ. ಬೀಗದ ಕೈ ಎಲ್ಲಿಟ್ಟೆ, ಒಳ್ಳೆಯ ಸೀರೆ ಯಾವುದು, ಎಂದು ತಲೆ ಓಡುವಷ್ಟರಲ್ಲಿ ಅವನು ಮುಂದಿನ ಮಾತು ಹೇಳಿದ. “ಹಿಂದ ಡ್ರಮ್ಮಿನ ಬಾಜೂಕ ಕೂಡು. ನಿನ್ನ ಕೈ ಇದ್ರ ಅಂವ ಬಡ್ಕೊಳ್ಳಂಗಿಲ್ಲ.”

ಉಟ್ಟ ಸೀರೆಯಲ್ಲೇ ಹತ್ತಿದಳು. ಅವರಿಬ್ಬರು ಮುಂದೆ ಕೂತರು. ಟೆಂಪೋ ತ್ರಿಪುರಾಂತದ ಕೆರೆ ಬಳಸಿ ಸಸ್ತಾಪುರ ಬಂಗ್ಲಾದ ಕಡೆ ಹೊರಟಿತು. ಬೇಸಿಗೆಯ ಬಿಸಿಲಿಗೆ ತಗಡು ಕಾದಿತ್ತು. ಒಂದು ಕೈಯಲ್ಲಿ ಡ್ರಮ್ಮಿನ ಅಂಚು ಹಿಡಿದು ಇನ್ನೊಂದು ಕೈ ನೀರಿನಲ್ಲಿ ಬಿಟ್ಟು ಕೂತವಳಿಗೆ, ದಾರಿಯ ಮಂದಿ ನೋಡಿದರೆ ಇವಳು ಏನು ಹುಡುಕುತ್ತಿದ್ದಾಳೆ ಅಂದುಕೊಂಡಾರು ಎನ್ನಿಸಿ ಸೆರಗು ಮುಖದ ಮೇಲೆ ಎಳೆದುಕೊಂಡಳು. ಹೆದ್ದಾರಿಗೆ ಹತ್ತುವ ಮೊದಲಿನ ಕುಣಿಗಳಲ್ಲಿ ಟೆಂಪೋ ಎಗರಿ ಬಿತ್ತು. ಡ್ರಮ್ಮಿನೊಳಗೆ ಸಾಹೇಬ ಒಮ್ಮೆ ಸೊಂಟ ಮಡಚಿದ. ಆಮೇಲೆ ಬಾಯಿ ತೆರೆದ. ಮೊದಲು ಒಂದು ತುಂಡು ತೇಲಿತು, ಅವಳೇ ಕೊಯ್ದ ಅಳತೆಯದು, ಬಣ್ಣ ಹೋಗಿ ಬೆಳ್ಳಗಾಗಿತ್ತು. ಆಮೇಲೆ ಹಿಡಿ ಹಿಡಿಯಾಗಿ ಬಂತು. ನೀರು ಅಕ್ಕಿ ತೊಳೆದ ನೀರಿನ ಹಾಗಾಯಿತು, ಅದರ ಮೇಲೆ ಜಿಡ್ಡಿನ ನೊರೆ ಕಟ್ಟಿತು, ವಾಸನೆ ಎದ್ದಿತು. ಅವಳ ಕೈ ತನ್ನಷ್ಟಕ್ಕೆ ತಾನೇ ತುಂಡುಗಳನ್ನು ಬಾಚಿ ಬಾಚಿ ರಸ್ತೆಗೆ ಒಗೆಯತೊಡಗಿತು. ಅದನ್ನು ಉಳಿಸಲಿಕ್ಕೋ, ಸಾಕ್ಷಿ ಅಳಿಸಲಿಕ್ಕೋ ಎಂದು ಆ ಕೈಯನ್ನೇ ಕೇಳಬೇಕು. ಸಾಹೇಬ ಮೇಲೆ ಬಂದು ಗಾಳಿ ಕುಡಿಯುತ್ತಿದ್ದ. ಪ್ರತಿ ಸಲ ಬಂದಾಗಲೂ ಮೀಸೆ ಅವಳ ಮಣಿಕಟ್ಟಿಗೆ ತಾಗುತ್ತಿತ್ತು. ದೂರು ಇರಲಿಲ್ಲ ಅದರಲ್ಲಿ. ದಿನಾ ಮುಟ್ಟಿದ ಹಾಗೇ ಮುಟ್ಟುತ್ತಿತ್ತು.

ಕ್ಯಾಬಿನ್ನಿನ ಹಿಂದಿನ ಕಿಟಕಿ ಸರಿಸಿ ದಿಲೀಪ ಕೂಗಿದ. “ಮೌಶೀ, ಸಾಹೇಬ್ರು ಹ್ಯಾಂಗದಾರ?”

“ಆರಾಮ ಅದಾರ. ನಡಿ.”

ರಾಜೇಶ್ವರದಲ್ಲಿ ಗಾಡಿ ನಿಂತಿತು. ದಿಲೀಪ ಬೀಡಿಗೆ ಇಳಿದ. ರಸ್ತೆಯ ಪಕ್ಕದ ಹೋಟೆಲಿನ ಮುಂದೆ ಬೋರಿನ ಪೈಪಿನಿಂದ ನೀರು ದಪ್ಪಗೆ ಸುರಿಯುತ್ತಿತ್ತು, ಒಬ್ಬ ಲಾರಿಯವನು ಅದರ ಕೆಳಗೆ ತಲೆಯೊಡ್ಡಿ ಕೂತಿದ್ದ. ಅಷ್ಟು ನೀರು, ಅಷ್ಟು ಹತ್ತಿರ. ಡ್ರಮ್ಮಿನ ನೀರು ಚೆಲ್ಲಿ ಹೊಸ ನೀರು ತುಂಬಿದರೆ ಮೀನು ಬದುಕುತ್ತದೆ, ಒಂದೇ ಮಾತು ಸಾಕು. ಅವಳು ಡ್ರಮ್ಮಿನ ಮುಚ್ಚಳ ಅರ್ಧ ಎಳೆದು ಕೂತಳು. ಅಂಬರೀಷ ಹಿಂದೆ ಬಂದವನು ಡ್ರಮ್ಮು ನೋಡಲಿಲ್ಲ, ಅವಳನ್ನು ನೋಡಿದ. ಕೈಯಲ್ಲಿ ಕಾಗದದಲ್ಲಿ ಕಟ್ಟಿದ ಬಿಸಿ ಭಜಿ. “ಮುಂಜಾನಿಂದ ಏನರೆ ತಿಂದೇನು ನೀನು?”

ಅವಳು ಬಾಯಿ ತೆರೆದಳು. ಆ ಪ್ರಶ್ನೆ ಎಷ್ಟೋ ವರ್ಷದ ನಂತರ ಬಂದಿತ್ತು. ನೀರು ಬದಲ ಮಾಡು ತಮ್ಮಾ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು.

ಅವನೇ ಮೊದಲು ಮಾತಾಡಿದ, ದನಿ ತಗ್ಗಿಸಿ. “ನೋಡು, ನೀ ಬರ್ತಿ ಅಂತ ಶೀತಲಗ ಹೇಳಿಲ್ಲ. ಬಾಜೂ ಮನಿ ಹೆಣ್ಣಮಕ್ಕಳನ್ನೆಲ್ಲ ಕರದ್ಯಾಳ, ಮೀನ ನೋಡಾಕ. ನೀ ಹಿಂದಿನ ಬಾಗಲದಿಂದ ಬಾ. ಸಂಜಿಗಿ ಬಸ್ಸಿಗಿ ಕೂಡಸ್ತೀನಿ. ಅಕಿ ಏನರೆ ಅಂದ್ರ ಮನಸ್ಸಿಗಿ ಹಚ್ಕೋಬ್ಯಾಡ, ಹಾಂ?”

“ಇಲ್ಲ,” ಎಂದು ಸರುಬಾಯಿ ಮುಚ್ಚಳವನ್ನು ಪೂರ್ತಿ ಎಳೆದಳು. ಅದರ ಮೇಲೆ ಭಜಿಯ ಕಾಗದ ಇಟ್ಟು, ಬಿಚ್ಚಿ, ಒಂದೊಂದಾಗಿ ತಿಂದಳು. ಹಸಿವಿತ್ತು. ಮುಚ್ಚಳದ ಕೆಳಗಿನಿಂದ ಬಡಿತ ಬರುತ್ತಿತ್ತು, ಮೊದಲು ಜೋರಾಗಿ, ಆಮೇಲೆ ಯಾರೋ ಬಾಗಿಲು ತಟ್ಟಿ ಬೇಸತ್ತ ಹಾಗೆ ಬಿಟ್ಟು ಬಿಟ್ಟು. ಹುಮನಾಬಾದಿನ ಮನೆಗಳು ಕಾಣತೊಡಗಿದಾಗ ಅದೂ ನಿಂತಿತು. ಅವಳಿಗೆ ಖುಷಿಯಾಯಿತು. ಆಯಿತು ಎಂದು ತನಗೆ ತಾನೇ ಹೇಳಿಕೊಂಡಳು, ಮತ್ತೊಮ್ಮೆ ಹೇಳಿಕೊಂಡಳು. ನೀರಿನಿಂದ ತೆಗೆದ ಮಣಿಕಟ್ಟು ಮಾತ್ರ ಬಿಸಿಲಿಗೆ ಒಣಗಿ ಬಿಗಿದುಕೊಂಡಿತ್ತು.

ಡ್ರಮ್ಮು ಮುಂಬಾಗಿಲಿನಿಂದ ಹೋಯಿತು. ಅವಳು ಹಿತ್ತಿಲಿನಿಂದ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತಳು. “ನೀ ಯಾಕ ಬಂದಿ?” ಎಂದಳು ಶೀತಲ, ತಟ್ಟೆಗೆ ಫರಾಳದ ತಿಂಡಿ ಹಾಕುತ್ತ, ತಲೆ ಎತ್ತದೆ. “ಬಂದಿದ್ದು ಛಲೋ ಆಯ್ತು ಬಿಡು. ಚಹಾಕ್ಕ ಇಡು, ಮಂದಿ ಕೂತಾರ.” ನಡುಮನೆಯ ಗೋಡೆಯೊಳಗೆ ತೊಟ್ಟಿ ನೀಲಿ ಬೆಳಕಿನಲ್ಲಿ ಹೊಳೆಯುತ್ತಿತ್ತು. ಸೋಫಾದ ಮೇಲೆ ಕೂತ ಹೆಂಗಸರು ಕಾಲು ಮೇಲೆತ್ತಿಕೊಂಡರು, ಮೀನು ಎಲ್ಲಿ ಹಾರೀತೋ ಎಂದು. ಮುಚ್ಚಳ ತೆಗೆದ ಕೂಡಲೇ ಅವರೆಲ್ಲ ಮೂಗಿಗೆ ಸೆರಗು ಹಿಡಿದರು. ಅಂಬರೀಷ ಎರಡೂ ಕೈ ಹಾಕಿ ಸಾಹೇಬನನ್ನು ಎತ್ತಿ ತೊಟ್ಟಿಗೆ ಬಿಟ್ಟ. ಸಾಹೇಬ ಮೆಲ್ಲಗೆ ಮಗ್ಗುಲಾದ, ಬಿಳಿ ಹೊಟ್ಟೆ ಮೇಲಾಯಿತು. ಅಂಬರೀಷ ತೋಳು ಮುಳುಗಿಸಿ ಅದನ್ನು ಹಿಡಿದು ಹಿಂದೆ ಮುಂದೆ ಹಿಂದೆ ಮುಂದೆ ಆಡಿಸತೊಡಗಿದ, ಕಿವಿರಿಗೆ ನೀರು ಹೊಗಲಿ ಅಂತ. “ಏಳೋ, ಏಳೋ ಸಾಹೇಬ.” ದೊಡ್ಡ ಗಂಡಸು, ಅಂಗಿ ತೊಯ್ದವನು, ಮಂದಿಯ ಮುಂದೆ ಮೂಗು ಸೋರಿಸಿಕೊಂಡು ಅಳುತ್ತಿದ್ದ. ಹೆಂಗಸರೊಬ್ಬೊಬ್ಬರೇ ಎದ್ದು, ಬರ್ತೀವ್ರಿ ಎಂದು ಚಪ್ಪಲಿ ಹುಡುಕಿದರು. ಇದಕ್ಕೆಂದೇ ಎಲ್ಲ ಮಾಡಿದ್ದ ಸರುಬಾಯಿಗೆ ನೋಡುತ್ತ ನೋಡುತ್ತ ಒಂದು ಕೊರತೆ ಕಾಣಿಸಿತು. ಅವನು ಅಳುತ್ತಿದ್ದಾನೆ. ಆದರೆ ಯಾರು ಅಳಿಸಿದರೆಂದು ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲದಿದ್ದರೆ ಇಲ್ಲಿಯೂ ಅವಳು ಇಲ್ಲ.

“ನಾ ಅದಕ್ಕ ತಿನಿಸೀನಿ,” ಎಂದಳು ಬಾಗಿಲಿನಿಂದಲೇ. “ಮುಂಜಾನೆ. ಚೀಲ ತುಂಬ.”

ಅಂಬರೀಷ ತಿರುಗಿದ. ತೋಳಿನಿಂದ ನೀರು ಹೊಸ ಫರಸಿ ನೆಲದ ಮೇಲೆ ಸುರಿಯುತ್ತಿತ್ತು. “ನಾ ಬ್ಯಾಡ ಅಂದಿದ್ದೆನಲ್ಲ ಅಕ್ಕಾ…”

“ಅಂದಿದ್ದಿ. ಅಂದಿದ್ದಿ ಅಂತಲೇ ತಿನಿಸ್ದೆ.”

ಅವನು ಅವಳ ಮುಖ ನೋಡಿದ. ಏನೋ ಹುಡುಕಿ, ಸಿಕ್ಕಿದವನ ಹಾಗೆ ಅವನ ಮುಖ ಕರಗಿತು. ಒದ್ದೆ ಕೈಯಲ್ಲೇ ಬಂದು ಅವಳ ಹೆಗಲು ಹಿಡಿದ. “ಹಸಿವು ನೋಡಾಕ ಆಗಲಿಲ್ಲಲ್ಲ ನಿನಗ? ಅವ್ವನ ಹಂಗೇ ನೀನು. ಯಾರನ್ನೂ ಹಸಿದ ಹೊಟ್ಟಿಲೆ ಕಳಸಂಗಿಲ್ಲ.”

“ಸಾಯ್ಲಿ ಅಂತ ತಿನಿಸ್ದೆ. ಬೇಕಂತ.”

“ಹುಚ್ಚಿ, ಹಂಗ ಅನಬ್ಯಾಡ. ನಿನ್ನ ಮನಸ್ಸು ನನಗ ಗೊತ್ತಿಲ್ಲೇನು? ನೀ ಒಂದು ಇರುವಿ ತುಳಿಯಾಕಿ ಅಲ್ಲ.” ಅವನು ಮೂಗು ಒರೆಸಿಕೊಂಡ. “ಶೀತಲ, ಅಕ್ಕನ ಇವತ್ತ ಬಸ್ಸಿಗಿ ಕಳಸೂದು ಬ್ಯಾಡ. ನಾಳೀನೂ ಬ್ಯಾಡ. ಇಲ್ಲೇ ಇರ್ಲಿ ಅಕಿ, ಬೇಮಳಖೇಡ ಗೀಮಳಖೇಡ ಏನೂ ಬ್ಯಾಡ. ಯಾರ್ ಅದಾರ ನನಗ ಅಕಿನ ಬಿಟ್ರ?”

ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಹೊರಗೆ ಹೋಗು ಎಂದಿದ್ದರೆ ತಲೆಯೆತ್ತಿ ಹೋಗುತ್ತಿದ್ದಳು. ಅವಳು ಜೀವಮಾನದಲ್ಲಿ ತನಗಾಗಿ ಮಾಡಿದ ಒಂದೇ ಒಂದು ಕೆಲಸವನ್ನು ಅವನು ಅವಳ ಕೈಯಿಂದ ಕಸಿದು, ಅವ್ವನ ಹೆಸರಿಗೆ ಬರೆದುಬಿಟ್ಟಿದ್ದ. ಅವನ ಹೆಗಲಾಚೆ ನೋಡಿದಳು. ಅಲ್ಲಿ ಶೀತಲ ಫರಾಳದ ತಟ್ಟೆ ಹಿಡಿದು ನಿಂತಿದ್ದಳು. ಮೀನಿನ ಕಡೆ ನೋಡುತ್ತಿರಲಿಲ್ಲ, ಗಂಡನ ಕಡೆಯೂ ನೋಡುತ್ತಿರಲಿಲ್ಲ. ಸರುಬಾಯಿಯ ಕೈಗಳನ್ನು ನೋಡುತ್ತಿದ್ದಳು, ಮೊದಲ ಸಲ ನೋಡುವವಳ ಹಾಗೆ.

ಸರುಬಾಯಿ ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ಶುಂಠಿ ಜಜ್ಜಿ ಹಾಕಿದಳು. ಉಕ್ಕಿದ ಮೇಲೆ ಸೋಸಿ ಎರಡು ಕಪ್ಪಿಗೆ ಹಾಕಿ, ಒಳಗೆ ಬಂದ ಶೀತಲಳ ಮುಂದೆ ಒಂದನ್ನು ಹಿಡಿದಳು.

“ತಗೊ,” ಎಂದಳು.

“ಇಡ್ರಿ ಅಕ್ಕಾರ,” ಎಂದಳು ಶೀತಲ. ಮದುವೆಯಾಗಿ ಬಂದಂದಿನಿಂದ ಅವಳ ಬಾಯಲ್ಲಿ ಈ ‘ರಿ’ ಬಂದಿರಲಿಲ್ಲ. “ಇಡ್ರಿ. ಆರಲಿ. ಆಮ್ಯಾಲ ಕುಡೀತೀನಿ.”

ಸರುಬಾಯಿ ಆ ಕಪ್ಪನ್ನು ಕಟ್ಟೆಯ ಮೇಲೆ ತನ್ನದರ ಪಕ್ಕ ಇಟ್ಟು, ಹಿತ್ತಿಲ ಮೆಟ್ಟಿಲ ಮೇಲೆ ಕೂತಳು. ಬೆನ್ನ ಹಿಂದೆ ಮೋರಿಗೆ ಚಹಾ ಸುರಿದ ಸದ್ದಾಯಿತು, ನಳ ತಿರುವಿದ ಸದ್ದಾಯಿತು. ಒಂದು ಕಪ್ಪು ತೊಳೆಯಲಿಕ್ಕೆ ಬೇಕಾದದ್ದಕ್ಕಿಂತ ಬಹಳ ಹೊತ್ತು ನೀರು ಬಿಡುತ್ತಲೇ ಇತ್ತು. ಅದು ನಿಂತ ಮೇಲೆ ಸರುಬಾಯಿ ಎದ್ದು ಒಳಗೆ ಬಂದು, ಡಬ್ಬಿ ತೆಗೆದು, ತನ್ನ ಕಪ್ಪಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡು ಕಲಕತೊಡಗಿದಳು.